ನೋವಿಲ್ಲದ ಕಣ್ಣಿಗೆ ಕಾವಲು ಹೆಚ್ಚು ಬೇಕು

ಪ್ರಶ್ನೆ: ನಮ್ಮ ತಾಯಿಗೆ 66 ವರ್ಷ. ಐದು ತಿಂಗಳ ಹಿಂದೆ ಎಡಹಣೆಗೆ ಸರ್ಪಸುತ್ತು ಆಗಿತ್ತು, ಮೂಗಿನ ತುದಿಯಲ್ಲೂ ಗುಳ್ಳೆ ಎದ್ದಿದ್ದವು. ಈಗ ಎಡಗಣ್ಣು ಮಂಜು, ಸ್ವಲ್ಪ ಕೆಂಪು. ನೋವು ಮಾತ್ರ ಇಲ್ಲ. ಡಾಕ್ಟರು ಹತ್ತಿ ತಾಗಿಸಿ ನೋಡಿ, ಕಾರ್ನಿಯಾಕ್ಕೆ ಸ್ಪರ್ಶ ಕಡಿಮೆಯಾಗಿದೆ, ಹುಣ್ಣೂ ಇದೆ ಅಂದರು. ಡ್ರಾಪ್ಸ್‌ನಿಂದ ವಾಸಿಯಾಗದಿದ್ದರೆ ರೆಪ್ಪೆ ಹೊಲಿಯಬೇಕಂತೆ. ನೋವೇ ಇಲ್ಲದ ಕಣ್ಣಿಗೆ ಇಷ್ಟೆಲ್ಲ ಬೇಕೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಖಂಡಿತ ಬೇಕು. ಹುಣ್ಣಿದ್ದೂ ನೋವಿಲ್ಲದಿರುವುದೇ ಈ ಕಾಯಿಲೆಯ ಲಕ್ಷಣ. ಗಡಿಯಾರದ ಗಾಜಿನಂತೆ ಕಣ್ಣಿನ ಮುಂದೆ ಕೂತಿರುವ ಕಾರ್ನಿಯಾ ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೆ. ಅದರಲ್ಲಿ ನರಗಳು ಮಾತ್ರ ಚರ್ಮಕ್ಕಿಂತ ನೂರಾರು ಪಟ್ಟು ದಟ್ಟ. ಹಣೆ, ಮೂಗಿನ ತುದಿ, ಕಾರ್ನಿಯಾ ಮೂರಕ್ಕೂ ಬರುವುದು ಮುಖದ ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ನರದ ಒಂದೇ ಕವಲು; ಸರ್ಪಸುತ್ತಿನ ವೈರಸ್ ಹಿಡಿಯುವುದು ಈ ನರವನ್ನೇ. ಮೂಗಿನ ತುದಿಗೆ ಗುಳ್ಳೆ ಬಂದರೆ ಕಣ್ಣು ತೋರಿಸಲು ತಡಮಾಡಬೇಡಿ ಅನ್ನುವುದು ಅದಕ್ಕೇ. ಮನೆಯಲ್ಲಿ ಇನ್ನಾರಿಗಾದರೂ ಹೀಗಾದರೆ ಕೆಮ್ಮಣ್ಣು ಹಚ್ಚಿ ಕಾಯುತ್ತಾ ಕೂರಬೇಡಿ. ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಲಾಭ ಹೆಚ್ಚು.

ನರ ಕೆಟ್ಟರೆ ಧೂಳು ಬಿದ್ದರೂ ಗೊತ್ತಾಗುವುದಿಲ್ಲ, ರೆಪ್ಪೆ ಬಡಿಯುವುದೂ ನೀರೂರುವುದೂ ಕಡಿಮೆಯಾಗುತ್ತದೆ. ನರದ ತುದಿಯಿಂದ ಒಸರುವ ಪೋಷಕ ಪದಾರ್ಥವೂ ಸಿಗುವುದಿಲ್ಲ. ಕಾರ್ನಿಯಾದ ಮೇಲ್ಪದರ ವಾರ-ಹತ್ತು ದಿನಕ್ಕೊಮ್ಮೆ ಹೊಸದಾಗುತ್ತಿರಬೇಕು. ಪೋಷಣೆ ನಿಂತರೆ ಅದು ಸವೆದು, ಅಂಚು ಸುರುಳಿಕೊಂಡ ಮೊಟ್ಟೆಯಾಕಾರದ ಗಾಯವಾಗುತ್ತದೆ. ಇದಕ್ಕೆ ನ್ಯೂರೋಟ್ರೋಫಿಕ್ ಕೆರಟೈಟಿಸ್ ಎಂದು ಹೆಸರು. ನಿರ್ಲಕ್ಷಿಸಿದರೆ ಒಳಪದರ ಕರಗಿ ತೂತು ಬೀಳಬಹುದು.

ಹತ್ತಿಯ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಹತ್ತಿಯ ತುದಿಯನ್ನು ಹೊಸೆದು ಸಣ್ಣ ಎಳೆ ಮಾಡಿ, ಪಕ್ಕದಿಂದ ತಂದು, ರೆಪ್ಪೆಗೂದಲಿಗೆ ತಗಲದಂತೆ ಕಾರ್ನಿಯಾಕ್ಕೆ ಮುಟ್ಟಿಸುತ್ತಾರೆ. ಅದೂ ಮರಗಟ್ಟಿಸುವ ಡ್ರಾಪ್ಸ್ ಹಾಕುವ ಮೊದಲು. ಒಳ್ಳೆಯ ಕಣ್ಣು ತಟ್ಟನೆ ಮುಚ್ಚಿಕೊಳ್ಳುತ್ತದೆ.

ಡ್ರಾಪ್ಸ್ ವಿಷಯದಲ್ಲಿ ಎಡವಟ್ಟಾಗುವುದು ಹೆಚ್ಚು. ಕೃತಕ ಕಣ್ಣೀರು ಪ್ರಿಸರ್ವೇಟಿವ್ (ಔಷಧ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದೇ ಆಗಬೇಕು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಇರುವ ಬಾಟಲಿಯನ್ನು ದಿನಕ್ಕೆ ಎಂಟು ಸಲ ಹಾಕಿದರೆ ಆ ರಾಸಾಯನಿಕವೇ ಮೇಲ್ಪದರವನ್ನು ಸುಡುತ್ತದೆ. ಒಂದು ಸಲಕ್ಕೆ ಒಂದೇ ಹನಿ ಸಾಕು. ಬೇರೆ ಔಷಧಕ್ಕೆ ಐದು ನಿಮಿಷ ಬಿಡಿ, ಮುಲಾಮು ಕೊನೆಗೆ. ಬಾಟಲಿಯ ಮೂತಿ ಕಣ್ಣಿಗೆ ತಗಲಿದರೆ ತಾಯಿಗೆ ತಿಳಿಯುವುದಿಲ್ಲ, ಹಾಗಾಗಿ ಬೇರೆಯವರೇ ಹಾಕಿ. ಕೆಟೊರೊಲ್ಯಾಕ್‌ನಂಥ ನೋವಿನ ಡ್ರಾಪ್ಸ್ ಈ ಕಣ್ಣಿನಲ್ಲಿ ಕಾರ್ನಿಯಾವನ್ನೇ ಕರಗಿಸಬಹುದು. ಸ್ಟೀರಾಯ್ಡ್ ಡಾಕ್ಟರು ಬರೆದರೆ ಮಾತ್ರ. ಹರಳೆಣ್ಣೆ, ಎದೆಹಾಲು ಬೇಡವೇ ಬೇಡ.

ಇಷ್ಟಕ್ಕೆ ಮಾಯದಿದ್ದರೆ ರೋಗಿಯ ರಕ್ತದಿಂದಲೇ ತೆಗೆದ, ಸಾಮಾನ್ಯವಾಗಿ ಶೇ 20ರ ಸೀರಮ್ ಡ್ರಾಪ್ಸ್ ಇದೆ. ಫ್ರಿಜ್ಜಿನಲ್ಲಿಟ್ಟು, ಲ್ಯಾಬ್ ಬರೆದುಕೊಟ್ಟ ದಿನಾಂಕ ಮುಗಿದೊಡನೆ ಎಸೆಯಬೇಕು. ನರಪೋಷಕ ಪ್ರೋಟೀನಿನ ಸೆನೆಜರ್ಮಿನ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ. ದಿನಕ್ಕೆ ಆರು ಸಲ, ಎಂಟು ವಾರ, ಬೆಲೆ ವಿಪರೀತ.

ರೆಪ್ಪೆ ಹೊಲಿಯುವುದು ಅಂದರೆ ಹೆದರಬೇಡಿ. ಸಾಮಾನ್ಯವಾಗಿ ಹೊರಮೂಲೆಯ ಕಡೆ ಒಂದಿಷ್ಟು ಭಾಗ ಮಾತ್ರ ಸೇರಿಸುತ್ತಾರೆ, ನಡುವಿನಿಂದ ಕಾಣುತ್ತದೆ, ಮುಂದೆ ಬಿಡಿಸಲೂ ಬಹುದು. ಗಾಳಿಗೆ ಒಡ್ಡಿಕೊಂಡಿರುವ ಜಾಗ ಕಡಿಮೆಯಾದರೆ ಹಟಮಾರಿ ಹುಣ್ಣೂ ಮಾಯುತ್ತದೆ. ಚಂದ ಕೆಡುತ್ತದೆಂದು ತಿಂಗಳುಗಟ್ಟಲೆ ಮುಂದೂಡಿದರೆ ದೃಷ್ಟಿಗೇ ಕುತ್ತು.

ನೋವು ಎಚ್ಚರಿಸದ ಕಾರಣ ದಿನಾ ಬೆಳಿಗ್ಗೆ ನೀವೇ ನೋಡಬೇಕು. ಟಾರ್ಚ್ ಬೆಳಕಿನಲ್ಲಿ ಕಪ್ಪಿನ ಮೇಲೆ ಬಿಳಿ ಚುಕ್ಕೆ ಇದೆಯೇ, ಕೆಂಪು ಏರಿದೆಯೇ? ಬಲಗಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ. ನಿನ್ನೆ ಕಂಡ ಅಂಕಿ ಇಂದು ಕಾಣದಿದ್ದರೆ, ಪಿಸುರು ಕಟ್ಟಿದ್ದರೆ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾನು ವೆಲ್ಡರ್. ಆರ್ಕ್ ಹೊಡೆದು ಕಣ್ಣು ಉರಿದಾಗ ಗೆಳೆಯ ಕೊಟ್ಟ ಮರಗಟ್ಟಿಸುವ ಡ್ರಾಪ್ಸ್ ಹಾಕಿಕೊಂಡರೆ ತಕ್ಷಣ ಆರಾಮ. ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ. ತೊಂದರೆಯೇ?
– ಪೀಣ್ಯ

ಉತ್ತರ: ಇವತ್ತೇ ಎಸೆಯಿರಿ. ಅದು ಪ್ರೊಪರಾಕೇನ್‌ನಂಥ ಔಷಧ, ಕಣ್ಣಿನ ಡಾಕ್ಟರು ಪರೀಕ್ಷೆಗೆ ಒಂದೆರಡು ಹನಿ ಹಾಕುವಂಥದ್ದು. ಪದೇಪದೇ ಹಾಕಿದರೆ ಮೇಲ್ಪದರ ಮಾಯದೆ, ಕಾರ್ನಿಯಾದಲ್ಲಿ ಉಂಗುರದಂಥ ಬಿಳಿ ಕಲೆ ಕಟ್ಟಿ, ಮೇಲೆ ಹೇಳಿದಂಥ ಹುಣ್ಣೇ ಆಗುತ್ತದೆ. ಔಷಧ ಇಳಿದಾಗ ಉರಿ ಹೆಚ್ಚಾಗಿ ಮತ್ತೆ ಹಾಕುವಂತಾಗುತ್ತದೆ. ಆರ್ಕ್ ಉರಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ವಾಸಿಯಾಗುತ್ತದೆ; ಕತ್ತಲೆ ಕೋಣೆ, ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು, ನೋವಿಗೆ ಮಾತ್ರೆ ಸಾಕು. ಎರಡು ದಿನ ದಾಟಿದರೆ ಅಥವಾ ಒಂದೇ ಕಣ್ಣು ಉರಿದರೆ ಕಬ್ಬಿಣದ ಚೂರು ಹೊಕ್ಕಿರಬಹುದು, ತೋರಿಸಿ. ಹೆಲ್ಮೆಟ್ ಗಾಜು ಕರೆಂಟಿಗೆ ತಕ್ಕಂತೆ 10ರಿಂದ 13ನೇ ಶೇಡ್ ಇರಲಿ. ಪಕ್ಕದಲ್ಲಿ ಹಿಡಿದುಕೊಂಡು ನಿಲ್ಲುವ ಹುಡುಗನಿಗೂ ಒಂದು ಕೊಡಿಸಿ.