ಮುಖ ಚೆನ್ನಾಗಿ ಕಾಣುತ್ತಿದ್ದರೂ ಕೆಲವರಿಗೆ ಪರಿಚಯದವರ ಗುರುತು ಸಿಗುವುದಿಲ್ಲ, ಯಾಕೆ?

ಇದು ಕಣ್ಣಿನ ದೋಷವೂ ಅಲ್ಲ, ಮರೆವೂ ಅಲ್ಲ. ಮುಖ ನೋಡಿ ‘ಇವರು ಇಂಥವರು’ ಎಂದು ಹೇಳುವ ಮಿದುಳಿನ ಕೆಲಸ ಇವರಲ್ಲಿ ಸರಿಯಾಗಿ ನಡೆಯುವುದಿಲ್ಲ. ವೈದ್ಯರು ಇದನ್ನು ಪ್ರೊಸೊಪಗ್ನೋಸಿಯಾ ಎನ್ನುತ್ತಾರೆ. 1947ರಲ್ಲಿ ಜರ್ಮನಿಯ ವೈದ್ಯ ಬೋಡಮರ್ ಇಟ್ಟ ಹೆಸರು ಅದು.

ನಾವು ಮುಖವನ್ನು ಕಣ್ಣು, ಮೂಗು, ಬಾಯಿ ಅಂತ ಬಿಡಿಬಿಡಿಯಾಗಿ ನೋಡುವುದಿಲ್ಲ. ಇಡೀ ಮುಖವನ್ನು ಒಂದೇ ನೋಟಕ್ಕೆ ಹಿಡಿಯುತ್ತೇವೆ. ಮಿದುಳಿನ ತಳಭಾಗದ ‘ಫ್ಯೂಸಿಫಾರ್ಮ್’ ಎಂಬ ಮಡಿಕೆಗೆ ಇದರಲ್ಲಿ ದೊಡ್ಡ ಪಾತ್ರವಿದೆ. ತಲೆಗೆ ಪೆಟ್ಟು ಬಿದ್ದೋ, ಪಾರ್ಶ್ವವಾಯು ಆಗಿಯೋ ಅಲ್ಲಿ ಹಾನಿಯಾದರೆ ಈ ಶಕ್ತಿ ಹೋಗಬಹುದು. ಆದರೆ ಜಾಸ್ತಿ ಜನರಿಗೆ ಇದು ಹುಟ್ಟಿನಿಂದಲೇ ಇರುತ್ತದೆ, ಒಂದೇ ಮನೆಯ ಹಲವರಲ್ಲಿ ಕಾಣುವುದೂ ಉಂಟು. ಎಲ್ಲರೂ ಹೀಗೇ ನೋಡುತ್ತಾರೆ ಅಂದುಕೊಂಡು ಎಷ್ಟೋ ವರ್ಷ ಕಳೆದವರಿದ್ದಾರೆ.

ಮುಖದ ಮೇಲಿನ ನಗು, ಸಿಟ್ಟು ಇವರಲ್ಲಿ ಬಹಳ ಜನಕ್ಕೆ ಚೆನ್ನಾಗಿಯೇ ತಿಳಿಯುತ್ತದೆ. ಯಾರ ನಗು ಅನ್ನುವುದೇ ತಿಳಿಯುವುದಿಲ್ಲ. ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಅವರಿಗೂ ಹೀಗಿತ್ತು. ದೊಡ್ಡ ಗಡ್ಡದವರೊಬ್ಬರಿಗೆ ಡಿಕ್ಕಿ ಹೊಡೆಯುವಂತಾಗಿ ಅವರು ಕ್ಷಮೆ ಕೇಳಿದರು. ನೋಡಿದರೆ ಅದು ಕನ್ನಡಿ, ಗಡ್ಡ ಅವರದೇ!

ಹಾಗಾಗಿ ಇವರು ದನಿ, ನಡಿಗೆ, ಕೂದಲು, ಬಟ್ಟೆ ನೋಡಿ ಗುರುತು ಹಿಡಿಯುತ್ತಾರೆ. ಹೇರ್‌ಸ್ಟೈಲ್ ಬದಲಾದರೆ ಸ್ವಂತ ಅಕ್ಕನೂ ಅಪರಿಚಿತಳಾಗಬಹುದು. ಅದನ್ನು ಸೊಕ್ಕು ಅಂದುಕೊಂಡರೆ ಅವರಿಗೆ ತುಂಬಾ ನೋವಾಗುತ್ತದೆ, ಅಲ್ವಾ? ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ, ಎದುರು ಸಿಕ್ಕಾಗ ಮೊದಲು ನಿಮ್ಮ ಹೆಸರು ಹೇಳಿ ಮಾತು ಶುರುಮಾಡಿ.