ಬ್ಯಾಂಕಿನವರು ನನ್ನ ಖಾತೆಗೆ ಬೇರೆ ಯಾರದೋ ಮೊಬೈಲ್ ನಂಬರ್ ಜೋಡಿಸಿದ್ದಾರೆ. ಖಾತೆ ಮುಚ್ಚಿ ಬೇರೆ ಬ್ಯಾಂಕಿಗೆ ಹೋಗಲೇ, ಇಲ್ಲ ಕೋರ್ಟಿಗೆ ಹೋಗಲೇ?

ನಂಬರ್ ಸರಿಮಾಡಲು ಬ್ಯಾಂಕಿನವರು ಕೊಟ್ಟ ಆ ಫಾರಂಗೆ ಇನ್ನೂ ಸಹಿ ಹಾಕಿಲ್ಲ ತಾನೇ? ಹಾಕಿಲ್ಲ ಅಂದರೆ ಮೊದಲು ಅದನ್ನು ಪಕ್ಕಕ್ಕಿಡಿ, ಆಮೇಲೆ ಇದನ್ನು ಓದಿ.

ತಿಂಗಳುಗಟ್ಟಲೆ ಮೆಸೇಜು ಬಂದಿಲ್ಲ, ಕೇಳಲು ಹೋದರೆ ಖಾತೆಯಲ್ಲಿ ಇನ್ಯಾರದೋ ನಂಬರು, ಮ್ಯಾನೇಜರು "ಕಣ್ತಪ್ಪಾಗಿದೆ, ಒಂದು ಫಾರಂ ತುಂಬಿಕೊಡಿ, ಇವತ್ತೇ ಸರಿಮಾಡ್ತೀವಿ" ಅಂದಿದ್ದಾರೆ ಅಂತ ಬರೆದಿದ್ದೀರಿ. ನನಗೂ ಇದೇ ಮಾತು ಹೇಳಿದ್ದರು. ಒಳ್ಳೆಯ ಮನುಷ್ಯರು, ಚಹಾ ತರಿಸಿಕೊಟ್ಟರು. ನಾನು ಸಹಿ ಹಾಕಿ, ಸರಿಹೋಯಿತಲ್ಲ ಅಂತ ಸಮಾಧಾನದಿಂದ ಮನೆಗೆ ಬಂದೆ. ಆ ಸಹಿಯೇ ನನಗೆ ಮುಳುವಾಯಿತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಆ ಫಾರಂನ ತಲೆಬರಹ ನೋಡಿ: "ಗ್ರಾಹಕರ ಮಾಹಿತಿ ಬದಲಾವಣೆಗೆ ಕೋರಿಕೆ". ಕೆಳಗೆ ಹಳೆಯ ನಂಬರ್ ಅಂತ ಒಂದು ಸಾಲು, ಹೊಸ ನಂಬರ್ ಅಂತ ಒಂದು ಸಾಲು, ತಾರೀಕು, ಸಹಿ. ಯಾಕೆ ಬದಲಾಯಿಸುತ್ತಿದ್ದೀರಿ ಅಂತ ಕೇಳುವ ಜಾಗವೇ ಇಲ್ಲ. "ಹಳೆಯ ನಂಬರ್" ಅನ್ನುವಲ್ಲಿ ಆ ಅಪರಿಚಿತರ ನಂಬರು ಬರೆದು ನೀವು ಸಹಿ ಹಾಕಿದರೆ, ಅದು ಇಲ್ಲಿಯವರೆಗೆ ನಿಮ್ಮದೇ ನಂಬರಾಗಿತ್ತು ಅಂತ ನೀವೇ ಒಪ್ಪಿಕೊಂಡ ಹಾಗೆ. ತಪ್ಪು ಯಾವತ್ತು ಆಯಿತು ಅನ್ನುವುದು ಎಲ್ಲೂ ದಾಖಲಾಗುವುದಿಲ್ಲ, ಸರಿಯಾದ ದಿನ ಮಾತ್ರ ದಾಖಲಾಗುತ್ತದೆ. ಬ್ಯಾಂಕಿನ ಲೋಪ ಗ್ರಾಹಕರ ಕೋರಿಕೆಯಾಗಿ ಬದಲಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ದೂರು ಅಲ್ಲ. ದೂರಿನ ನಂಬರು ಹುಟ್ಟುವುದಿಲ್ಲ. ದೂರೇ ಇಲ್ಲದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗಲು ಬೇಕಾದ 30 ದಿನದ ಲೆಕ್ಕವೂ ಶುರುವಾಗುವುದಿಲ್ಲ.

ನನ್ನ ವಿಷಯದಲ್ಲಿ ಯಾರೂ ಹಣ ಕದಿಯಲಿಲ್ಲ. ಆದದ್ದೇನೆಂದರೆ ಅದೇ ಬ್ಯಾಂಕಿನಲ್ಲಿದ್ದ ನನ್ನ ಸಾಲದ ಎರಡು ಕಂತು, ಖಾತೆಯಲ್ಲಿ ಸ್ವಲ್ಪ ಹಣ ಕಡಿಮೆ ಬಿದ್ದು, ಬೌನ್ಸ್ ಆಗಿದ್ದವು. ಎಚ್ಚರಿಕೆಯ ಮೆಸೇಜುಗಳೆಲ್ಲ ಆ ಇನ್ನೊಬ್ಬರಿಗೆ ಹೋಗಿದ್ದವು. ಇದು ಗೊತ್ತಾದದ್ದು ನಂಬರು ಸರಿಮಾಡಿಸಿ ಕೆಲವು ತಿಂಗಳಾದ ಮೇಲೆ, ಬೇರೆ ಕಡೆ ಸಾಲಕ್ಕೆ ಅರ್ಜಿ ಹಾಕಿದಾಗ. ಸಾಲ ಹೇಗೆ ತೀರಿಸಿದ್ದೇವೆ ಅಂತ ತೋರಿಸುವ ಕ್ರೆಡಿಟ್ ವರದಿಯಲ್ಲಿ, ಆ ಎರಡು ತಿಂಗಳ ಚೌಕದಲ್ಲಿ ಕಂತು ಬಾಕಿ ಅಂತ ಕೂತಿತ್ತು. ಆ ಪಟ್ಟಿ 36 ತಿಂಗಳ ಚರಿತ್ರೆ ತೋರಿಸುತ್ತದೆ, ಹಾಗಾಗಿ ಮೂರು ವರ್ಷ ಸಾಲ ಕೊಡುವವರೆಲ್ಲ ಅದನ್ನು ನೋಡುತ್ತಾರೆ. ನಾನು ಬ್ಯಾಂಕಿಗೆ ಬರೆದೆ. ಬಂದ ಉತ್ತರ ಎರಡೇ ವಾಕ್ಯ: ಎಚ್ಚರಿಕೆಯ ಮೆಸೇಜುಗಳನ್ನು ನೋಂದಾಯಿತ ನಂಬರಿಗೆ ಕಳಿಸಲಾಗಿದೆ, ಆ ನಂಬರನ್ನು ಗ್ರಾಹಕರು ತಮ್ಮ ಲಿಖಿತ ಕೋರಿಕೆಯ ಮೇರೆಗೆ ನಂತರ ಬದಲಾಯಿಸಿಕೊಂಡಿದ್ದಾರೆ. ಜೊತೆಗೆ ನಾನೇ ಸಹಿ ಹಾಕಿದ ಫಾರಂನ ಪ್ರತಿ.

ನೀವು ಹಾಗಾಗಲು ಬಿಡಬೇಡಿ. ಫಾರಂಗೆ ಮೊದಲು ಪತ್ರ. ಎರಡು ಪ್ರತಿ ಬರೆಯಿರಿ, ಒಂದು ಅವರಿಗೆ, ಇನ್ನೊಂದರ ಮೇಲೆ ಶಾಖೆಯ ಸೀಲು, ತಾರೀಕು, ತೆಗೆದುಕೊಂಡವರ ಸಹಿ. ಪತ್ರ ಉದ್ದ ಬೇಡ, ಆವೇಶ ಬೇಡ. ಹೀಗಿದ್ದರೆ ಸಾಕು:

"ನನ್ನ ಖಾತೆಗೆ (ಕೊನೆಯ 4 ಅಂಕಿ ಇಂಥದ್ದು) ನಾನು ಕೊಡದ, ನನಗೆ ಸೇರದ ಮೊಬೈಲ್ ನಂಬರ್ ನೋಂದಣಿಯಾಗಿದೆ ಎಂದು ಇಂಥ ದಿನ ನಿಮ್ಮ ಶಾಖೆಯಲ್ಲಿ ತಿಳಿದುಬಂದಿದೆ. ಇದು ಮಾಹಿತಿ ಬದಲಾವಣೆಯ ಕೋರಿಕೆಯಲ್ಲ, ದೂರು. ಆ ನಂಬರ್ ಯಾವ ದಿನ, ಯಾವ ದಾಖಲೆಯ ಆಧಾರದ ಮೇಲೆ ಸೇರಿತು, ಅಂದಿನಿಂದ ಇಂದಿನವರೆಗೆ ಆ ನಂಬರಿಗೆ ಯಾವ ಯಾವ ಮೆಸೇಜು ಮತ್ತು ಒಟಿಪಿ ಹೋಗಿವೆ ಎಂಬುದನ್ನು ಲಿಖಿತವಾಗಿ ತಿಳಿಸಿ. ಆ ನಂಬರಿಗೆ ಸಂದೇಶ ಹೋಗುವುದನ್ನು ಇಂದೇ ನಿಲ್ಲಿಸಿ. ಸಂಬಂಧಿಸಿದ ಕಂಪ್ಯೂಟರ್ ದಾಖಲೆಗಳನ್ನು ಅಳಿಸದೆ ಉಳಿಸಿ. ದೂರಿನ ಸಂಖ್ಯೆ ಕೊಡಿ."

"ಯಾವ ದಾಖಲೆಯ ಆಧಾರದ ಮೇಲೆ" ಅನ್ನುವ ಮಾತು ಬಿಡಲೇಬೇಡಿ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಗ್ರಾಹಕರ ವಿವರ ತಾನಾಗಿ ಬದಲಾಗುವುದಿಲ್ಲ. ಶಾಖೆಯಲ್ಲಾದರೆ ಒಬ್ಬರು ಎಂಟ್ರಿ ಮಾಡುತ್ತಾರೆ, ಇನ್ನೊಬ್ಬ ಅಧಿಕಾರಿ ಅದನ್ನು ಪಾಸ್ ಮಾಡುತ್ತಾರೆ, ಇಬ್ಬರ ಐಡಿ, ದಿನ, ಗಂಟೆ ಎಲ್ಲವೂ ಅಲ್ಲಿ ಉಳಿದಿರುತ್ತದೆ. ಇಂಥ ತಪ್ಪು ಒಂದೇ ಹೆಸರಿನ ಇಬ್ಬರಿದ್ದಾಗ ಆಗಬಹುದು: ಅವರ ಫಾರಂ ನಿಮ್ಮ ಗ್ರಾಹಕ ಐಡಿಯಲ್ಲಿ ಏರುತ್ತದೆ. ನನ್ನದು ಹಾಗೇ ಆಗಿತ್ತು. ಮೊಬೈಲ್ ನಂಬರು ಸಾಮಾನ್ಯವಾಗಿ ಒಂದು ಖಾತೆಗೆ ಅಂಟಿಕೊಂಡಿರುವುದಿಲ್ಲ, ಗ್ರಾಹಕ ಐಡಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಉಳಿತಾಯ ಖಾತೆಯಲ್ಲಿ ಮಾತ್ರ ತಪ್ಪಾಗಿದೆ ಅಂದುಕೊಂಡು ಸುಮ್ಮನಾಗಬೇಡಿ; ಅದೇ ಐಡಿಯಲ್ಲಿರುವ ಠೇವಣಿ, ಸಾಲ, ಕಾರ್ಡು, ಲಾಕರು ಎಲ್ಲದರ ಮೆಸೇಜೂ ಅಲ್ಲಿಗೇ ಹೋಗಿರಬಹುದು. ಇಮೇಲ್ ವಿಳಾಸ, ಮನೆ ವಿಳಾಸ, ನಾಮಿನಿ ಹೆಸರು ಕೂಡ ಬದಲಾಗಿದೆಯೇ ಅಂತ ಅದೇ ಕೌಂಟರಿನಲ್ಲಿ ಕೇಳಿ ನೋಡಿಕೊಳ್ಳಿ.

ಸಹಿ ಹಾಕಬೇಡಿ ಅಂದರೆ ಖಾತೆಯನ್ನು ಹಾಗೇ ತೆರೆದಿಟ್ಟು ಕೂರಿ ಅಂತಲ್ಲ. ಹೆಲ್ಪ್‌ಲೈನಿಗೆ ಫೋನ್ ಮಾಡಿ ಡೆಬಿಟ್ ಕಾರ್ಡು, ನೆಟ್ ಬ್ಯಾಂಕಿಂಗ್, ಯುಪಿಐ ತಾತ್ಕಾಲಿಕವಾಗಿ ನಿಲ್ಲಿಸಬಹುದು. "ಫಾರಂ ಇಲ್ಲದೆ ಸಿಸ್ಟಂ ತೆಗೆದುಕೊಳ್ಳಲ್ಲ" ಅಂತ ಪಟ್ಟು ಹಿಡಿದರೆ, ಮಾತಿನ ಚಕಮಕಿ ಬೇಡ, ಸಹಿಯ ಮೇಲುಗಡೆ ನಿಮ್ಮ ಕೈಬರಹದಲ್ಲಿ ಬರೆಯಿರಿ: "ಹಳೆಯ ನಂಬರ್ ನಾನು ಕೊಟ್ಟದ್ದಲ್ಲ, ಬ್ಯಾಂಕಿನ ತಪ್ಪಿನಿಂದ ಸೇರಿದ್ದು. ದೂರು ನೋಡಿ." ಬರೆದ ಮೇಲೆ ಫೋಟೊ ತೆಗೆದುಕೊಳ್ಳಿ, ಆಮೇಲೆ ಕೊಡಿ. ಪತ್ರಕ್ಕೆ ಸೀಲು ಹಾಕಲ್ಲ ಅಂದರೆ ಅದನ್ನೇ ಸ್ಕ್ಯಾನ್ ಮಾಡಿ ಶಾಖೆಯ ಇಮೇಲಿಗೂ, ಬ್ಯಾಂಕಿನ ವೆಬ್‌ಸೈಟಿನಲ್ಲಿ ಹೆಸರು ಕೊಟ್ಟಿರುವ ಪ್ರಧಾನ ನೋಡಲ್ ಅಧಿಕಾರಿಗೂ (ದೂರುಗಳಿಗೆ ಹೊಣೆಯಾದ ಬ್ಯಾಂಕಿನ ಅಧಿಕಾರಿ) ಕಳಿಸಿ, ಒಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲೂ ಹೋಗಲಿ.

ಈಗ ಖಾತೆ ಮುಚ್ಚುವ ಮಾತು. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಸಿಟ್ಟಿನಲ್ಲಿ ಎಲ್ಲರೂ ಮೊದಲು ಯೋಚಿಸುವುದು ಇದನ್ನೇ, ಆದರೆ ಖಾತೆ ಮುಚ್ಚಿದರೆ ನಿಮ್ಮ ಮಾಹಿತಿ ಅಳಿಸಿಹೋಗುವುದಿಲ್ಲ. ಹಣ ಅಕ್ರಮ ವರ್ಗಾವಣೆ ತಡೆ ಕಾನೂನಿನ ಪ್ರಕಾರ ಕೆವೈಸಿ (ಗ್ರಾಹಕರ ಗುರುತು, ವಿಳಾಸದ) ದಾಖಲೆಗಳನ್ನು ಖಾತೆ ಮುಚ್ಚಿದ ಮೇಲೂ ಕನಿಷ್ಠ 5 ವರ್ಷ ಬ್ಯಾಂಕು ಇಟ್ಟುಕೊಳ್ಳಲೇಬೇಕು. ಕಳೆದುಕೊಳ್ಳುವವರು ನೀವು: ನೆಟ್ ಬ್ಯಾಂಕಿಂಗಿನಲ್ಲಿ ನೋಡಲು ಸಿಗುತ್ತಿದ್ದ ಹಳೆಯ ವಿವರ, ಹಳೆಯ ಕೋರಿಕೆಗಳ ಪಟ್ಟಿ ಎಲ್ಲ ಕೈತಪ್ಪುತ್ತದೆ. ದೂರು ಮುಗಿಯಲಿ, ಕಾಗದಗಳು ಕೈಗೆ ಬರಲಿ, ಆಮೇಲೆ ಬೇಕಾದರೆ ಮುಚ್ಚಿ.

ಕೋರ್ಟು? ಈಗಲೇ ಬೇಡ. ಕೋರ್ಟಿನಲ್ಲೋ ಗ್ರಾಹಕರ ಆಯೋಗದಲ್ಲೋ ಅದೇ ವಿಷಯ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ. ಒಂಬುಡ್ಸ್‌ಮನ್ ದಾರಿ ಪೂರ್ತಿ ಉಚಿತ, ವಕೀಲರು ಬೇಕಿಲ್ಲ. ನಿಜ ಹೇಳಬೇಕೆಂದರೆ ವಕೀಲರ ಮೂಲಕ ಸಲ್ಲಿಸಿದರೆ ಅಲ್ಲಿ ನಿಲ್ಲುವುದೂ ಇಲ್ಲ, ನೀವೇ, ಇಲ್ಲವೇ ವಕೀಲರಲ್ಲದ ನಿಮ್ಮ ಪ್ರತಿನಿಧಿ ಸಲ್ಲಿಸಬೇಕು. 30 ದಿನ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಆರ್‌ಬಿಐನ ಸಿಎಂಎಸ್ ಅನ್ನುವ ದೂರಿನ ಪೋರ್ಟಲ್‌ನಲ್ಲಿ ಹಾಕಿ. ಗೊಂದಲವಾದರೆ ಆರ್‌ಬಿಐ ಸಹಾಯವಾಣಿ 14448ಕ್ಕೆ ಫೋನ್ ಮಾಡಿ. 2021ರ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷ ರೂಪಾಯಿವರೆಗೆ, ಅದರ ಮೇಲೆ ಅಲೆದಾಟ, ಖರ್ಚು, ಮನಸ್ಸಿಗಾದ ಕಿರುಕುಳಕ್ಕೆ ಅಂತ 1 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಒಂಬುಡ್ಸ್‌ಮನ್‌ಗೆ ಕೊಟ್ಟಿದ್ದರು; ಈಗಿನ ಮಿತಿ ಎಷ್ಟು ಅಂತ ಅಲ್ಲೇ ಕೇಳಿಕೊಳ್ಳಿ.

ಇಲ್ಲಿ ಬಹಳ ಜನ ಎಡವುತ್ತಾರೆ. "ನನ್ನ ಖಾಸಗಿತನಕ್ಕೆ ಧಕ್ಕೆಯಾಗಿದೆ, ನ್ಯಾಯ ಕೊಡಿಸಿ" ಅಂತ ನಾಲ್ಕು ಪುಟ ಬರೆಯುತ್ತಾರೆ, ಏನು ಬೇಕು ಅಂತ ಬರೆಯುವುದಿಲ್ಲ. ಖಾಸಗಿತನ ದೊಡ್ಡ ಹಕ್ಕು, ಅನುಮಾನವೇ ಇಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಅದನ್ನು ಮೂಲಭೂತ ಹಕ್ಕು ಅಂತ ಸಾರಿದ್ದು. ಆದರೆ ಒಂಬುಡ್ಸ್‌ಮನ್ ಮುಂದೆ ಸಾಲು ಸಾಲಾಗಿ ಲೆಕ್ಕ ಇಡಬೇಕು: ತಡ ಶುಲ್ಕ ಇಷ್ಟು, ಬೌನ್ಸ್ ಶುಲ್ಕ ಇಷ್ಟು, ಕ್ರೆಡಿಟ್ ವರದಿ ತಿದ್ದಿಸಬೇಕು, ರಜೆ ಹಾಕಿ ಓಡಾಡಿದ ದಿನ ಇಷ್ಟು. ಒಂದೊಂದಕ್ಕೂ ಒಂದೊಂದು ಕಾಗದ.

ಬ್ಯಾಂಕು ನಿಮ್ಮ ದೂರನ್ನು ತಿರಸ್ಕರಿಸಿದರೆ ಆ ಉತ್ತರವನ್ನು ಗಮನವಿಟ್ಟು ಓದಿ. ದೂರನ್ನು ಪೂರ್ತಿಯಾಗಲಿ ಭಾಗಶಃ ಆಗಲಿ ತಿರಸ್ಕರಿಸುವ ಮುನ್ನ, ದೊಡ್ಡ ಬ್ಯಾಂಕುಗಳು ಅದನ್ನು ತಮ್ಮದೇ ಆಂತರಿಕ ಒಂಬುಡ್ಸ್‌ಮನ್‌ಗೆ ಕಳಿಸಬೇಕು ಅಂತ ಆರ್‌ಬಿಐ ನಿಯಮ. ನೀವಾಗಿ ಅವರ ಹತ್ತಿರ ಹೋಗಲು ಬರುವುದಿಲ್ಲ. ಅವರು ಪರಿಶೀಲಿಸಿದ್ದಾರೆ ಅನ್ನುವ ಮಾತು ಉತ್ತರದಲ್ಲಿ ಇಲ್ಲದಿದ್ದರೆ ಅದನ್ನೇ ಮುಂದಿನ ದೂರಿನಲ್ಲಿ ಎತ್ತಿ ತೋರಿಸಿ.

ಕೋಟಿಗಟ್ಟಲೆ ದಂಡದ ಹೊಸ ಡೇಟಾ ಕಾನೂನಿನಲ್ಲಿ ಪರಿಹಾರ ಸಿಗುತ್ತದಾ ಅಂತಲೂ ಕೇಳಿದ್ದೀರಿ. ಅದು ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, 2023ರದ್ದು, ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ. 250 ಕೋಟಿವರೆಗಿನ ದಂಡ ನಿಜ, ಆದರೆ ಆ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ, ನೊಂದವರ ಕೈಗಲ್ಲ. ಅದನ್ನು ನಂಬಿಕೊಂಡು ಒಂಬುಡ್ಸ್‌ಮನ್ ಗಡುವು ಮೀರಿಸಬೇಡಿ.

ಹಣವೂ ಹೋಗಿದ್ದರೆ ದಾರಿ ಬೇರೆ, ಅವಸರವೂ ಬೇರೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಜೊತೆಗೆ ಬ್ಯಾಂಕಿಗೆ ಲಿಖಿತ ದೂರು. 2017ರ ಜುಲೈ 6ರ ಆರ್‌ಬಿಐ ಸುತ್ತೋಲೆಯ ಪ್ರಕಾರ ಬ್ಯಾಂಕಿನ ಲೋಪದಿಂದಲೇ ಹಣ ಹೋಗಿದ್ದರೆ ಗ್ರಾಹಕರ ಹೊಣೆ ಸೊನ್ನೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದರೆ 3 ಕೆಲಸದ ದಿನದೊಳಗೆ ತಿಳಿಸಿರಬೇಕು. ಗ್ರಾಹಕರದೇ ತಪ್ಪು ಅಂತ ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲೆ. ನಂಬರು ಬ್ಯಾಂಕೇ ತಪ್ಪಾಗಿ ಜೋಡಿಸಿದ್ದು ಅನ್ನುವ ಕಾಗದ ಇಲ್ಲಿ ಎಷ್ಟು ಬೆಲೆಬಾಳುತ್ತದೆ ಅಂತ ಈಗ ಗೊತ್ತಾಗಿರಬೇಕು.

ಇನ್ನು ಮನೆಯಲ್ಲಿ ಕೂತು ಮಾಡಬೇಕಾದದ್ದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಕ್ರೆಡಿಟ್ ವರದಿ ಕೊಡುವ ಈ ನಾಲ್ಕು ಸಂಸ್ಥೆಗಳಲ್ಲೂ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ನಾಲ್ಕನ್ನೂ ತೆಗೆಯಿರಿ, ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇರದೇ ಹೋಗಬಹುದು. ತಪ್ಪು ಕಂಡರೆ ಅಲ್ಲೇ ತಕರಾರು ಹಾಕಿ. 30 ದಿನದಲ್ಲಿ ಬಗೆಹರಿಯದಿದ್ದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್ 26ರಿಂದ ಇದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ವಾರ್ಷಿಕ ಮಾಹಿತಿ ಪಟ್ಟಿಯನ್ನೂ ತೆರೆದು ನೋಡಿ. ನಿಮ್ಮದಲ್ಲದ ಖಾತೆಯ ಬಡ್ಡಿ ನಿಮ್ಮ ಪ್ಯಾನ್ ಅಡಿ ಕಂಡರೆ ಇಬ್ಬರ ದಾಖಲೆ ಒಂದಕ್ಕೊಂದು ಬೆರೆತಿದೆ ಅಂತ ಅರ್ಥ. ಆಧಾರ್ ಪ್ರತಿಯೂ ಹೊರಗೆ ಹೋಗಿದೆ ಅನ್ನುವ ಅನುಮಾನವಿದ್ದರೆ ಬಯೋಮೆಟ್ರಿಕ್ ಲಾಕ್ ಮಾಡಿ, ಮುಂದೆ ಕೊಡುವಾಗ ಮೊದಲ 8 ಅಂಕಿ ಮುಚ್ಚಿದ ಆಧಾರ್ ಕೊಡಿ.

ನಿಮ್ಮದು ಸರ್ಕಾರಿ ಬ್ಯಾಂಕಾಗಿದ್ದರೆ ಇನ್ನೊಂದು ಒಳ್ಳೆಯ ದಾರಿ ಉಂಟು: ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನ. ನನ್ನ ಗ್ರಾಹಕ ಐಡಿಯಲ್ಲಿ ಮೊಬೈಲ್ ನಂಬರ್ ಬದಲಾದ ಎಲ್ಲ ದಿನಾಂಕಗಳು, ಪ್ರತಿ ಬದಲಾವಣೆಗೂ ಆಧಾರವಾದ ಅರ್ಜಿಯ ದಿನಾಂಕ ಮತ್ತು ಸ್ವರೂಪ, ಅಷ್ಟೇ ಕೇಳಿ. ಇನ್ನೊಬ್ಬರ ಹೆಸರು, ನಂಬರು ಕೇಳಬೇಡಿ. ಮೂರನೆಯವರ ಖಾಸಗಿ ಮಾಹಿತಿ ಅಂತ ಇಡೀ ಅರ್ಜಿಯನ್ನೇ ತಳ್ಳಿಹಾಕುತ್ತಾರೆ. ಆ ಮನುಷ್ಯರದೂ ಏನೂ ತಪ್ಪಿಲ್ಲ, ಅವರ ಮಾಹಿತಿಯೂ ನಿಮ್ಮದರಷ್ಟೇ ಕಾಪಾಡಬೇಕಾದದ್ದು. ನನ್ನನ್ನು ಕೊನೆಗೆ ಕಾಪಾಡಿದ್ದು ಈ ಅರ್ಜಿಯೇ. ನಂಬರು ಸೇರಿದ ದಿನ ನನ್ನ ಕಡೆಯಿಂದ ಯಾವ ಅರ್ಜಿಯೂ ಇರಲಿಲ್ಲ ಅನ್ನುವುದು ಉತ್ತರದಲ್ಲಿ ಬಂತು. ಅದನ್ನಿಟ್ಟುಕೊಂಡು ಹೋದಾಗ ತಡ ಶುಲ್ಕ ವಾಪಸು ಬಂತು, ಕ್ರೆಡಿಟ್ ವರದಿಯಲ್ಲಿ ಆ ಎರಡು ತಿಂಗಳು ತಿದ್ದುಪಡಿಯಾದವು. ಅಷ್ಟರಲ್ಲಿ ಹೆಚ್ಚಿನ ಬಡ್ಡಿಗೆ ತೆಗೆದುಕೊಂಡಿದ್ದ ಸಾಲದ ನಷ್ಟ ಮಾತ್ರ ತುಂಬಿಕೊಳ್ಳಲಿಲ್ಲ, ಮೊದಲ ದಿನವೇ ದೂರು ಕೊಟ್ಟಿದ್ದರೆ ಆ ಸಾಲಕ್ಕೂ ಮುಂಚೆ ಇದು ಮುಗಿದಿರುತ್ತಿತ್ತು.

ನಾನು ಹೇಳುವ ಹೊತ್ತಿಗೆ ನೀವು ಸಹಿ ಹಾಕಿಯಾಗಿದ್ದರೆ ಕೈಚೆಲ್ಲಬೇಡಿ. ಇವತ್ತೇ ಮೇಲಿನ ಪತ್ರಕ್ಕೆ ಒಂದು ಸಾಲು ಸೇರಿಸಿ: "ಇಂಥ ದಿನ ನಾನು ಸಹಿ ಮಾಡಿದ ಫಾರಂ, ಬ್ಯಾಂಕಿನ ತಪ್ಪನ್ನು ಸರಿಪಡಿಸಲು ಶಾಖೆಯವರ ಸೂಚನೆಯಂತೆ ಕೊಟ್ಟದ್ದು; ಅದರಲ್ಲಿನ ಹಳೆಯ ನಂಬರ್ ಎಂದೂ ನನ್ನದಾಗಿರಲಿಲ್ಲ." ಎರಡು ಮೂರು ದಿನದ ಒಳಗೆ ಸೀಲು ಬಿದ್ದರೆ ಆ ಫಾರಂ ಮತ್ತು ಈ ಪತ್ರ ಒಂದೇ ಘಟನೆಯ ಎರಡು ಕಾಗದ ಅಂತ ಯಾರು ನೋಡಿದರೂ ಒಪ್ಪುತ್ತಾರೆ. ನಾನು ಈ ಸಾಲನ್ನು ಬರೆದದ್ದು ಏಳು ತಿಂಗಳಾದ ಮೇಲೆ.