ಹಳೆಯ ಹಾಯಿದೋಣಿಯ ಶ್ರೌಡ್ ಸಡಿಲವಾಗಿದೆ, ಎಷ್ಟು ಬಿಗಿ ಮಾಡಬೇಕು?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಓಡಿಸಲೆಂದು ಹಳೆಯ ಕ್ಯಾಟಲಿನಾ 22 ದೋಣಿಯೊಂದನ್ನು ಕೊಂಡಿದ್ದೀರಿ. ಮಧ್ಯಾಹ್ನದ ಗಾಳಿಗೆ ದೋಣಿ ವಾಲಿದಾಗ ಗಾಳಿಮರೆಯ ಬದಿಯ, ಅಂದರೆ ಗಾಳಿ ಬರುವ ಕಡೆಗೆ ವಿರುದ್ಧ ಬದಿಯ, ಶ್ರೌಡ್‌ಗಳು (ಮಾಸ್ಟ್ ಎಂಬ ಹಾಯಿಕಂಬವನ್ನು ಬದಿಗಳಿಂದ ಎಳೆದು ಹಿಡಿದಿರುವ ತಂತಿಗಳು) ಜೋತುಬಿದ್ದು ಓಲಾಡುತ್ತವೆ. ತಂತಿಯನ್ನು ಬಿಗಿಗೊಳಿಸುವ ತಿರುಪುಗಳಾದ ಟರ್ನ್‌ಬಕಲ್‌ಗಳನ್ನು ಎಷ್ಟು ಸುತ್ತು ತಿರುಗಿಸಬೇಕು, ಹಗ್ಗಗಳನ್ನೂ ಬದಲಿಸಬೇಕೇ ಎಂದು ಕೇಳಿದ್ದೀರಿ. ಇದೇ ಕೊಲ್ಲಿಯಲ್ಲಿ ಹಲವು ವರ್ಷಗಳಿಂದ ಹಾಯಿದೋಣಿ ನಡೆಸುತ್ತಿರುವವನಾಗಿ ನನ್ನ ಮೊದಲ ಸಲಹೆ ಒಂದೇ: ತಂತಿಗಳ ತುದಿಗಳನ್ನು ಪರೀಕ್ಷಿಸುವವರೆಗೆ ಟರ್ನ್‌ಬಕಲ್‌ಗೆ ಸ್ಪ್ಯಾನರ್ ಹಚ್ಚಬೇಡಿ. ತಂತಿ ನಡುವೆ ತುಂಡಾಗುವುದು ಅಪರೂಪ. ಮಾಸ್ಟ್ ಉರುಳಿದ ಪ್ರಸಂಗಗಳಲ್ಲಿ ದೋಷ ಹೆಚ್ಚಾಗಿ ಸಿಗುವುದು ತಂತಿಯ ತುದಿಯಲ್ಲಿ, ಅದನ್ನು ಹಿಡಿದಿರುವ ಪಿನ್ನಿನಲ್ಲಿ ಅಥವಾ ಪಿನ್ ಕೂತಿರುವ ಲೋಹದ ಪಟ್ಟಿಯಲ್ಲಿ. ಇಂಥ ದೋಷವಿರುವ ತಂತಿಯನ್ನು ಬಿಗಿ ಮಾಡಿದರೆ ದೋಷ ಕಾಣೆಯಾಗುವುದಿಲ್ಲ, ಮುರಿಯುವ ಗಳಿಗೆ ಹತ್ತಿರವಾಗುತ್ತದೆ ಅಷ್ಟೇ.

ಫ್ರಾಂಕ್ ಬಟ್ಲರ್ ರೂಪಿಸಿದ ಈ ದೋಣಿ 1969ರಲ್ಲಿ ಮಾರುಕಟ್ಟೆಗೆ ಬಂದಿತು. ಆ ಮೇಲೆ ಹದಿನೈದು ಸಾವಿರಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. ಹಾಗಾಗಿ ನಿಮ್ಮ ದೋಣಿಗೆ ಮೂವತ್ತು–ನಲವತ್ತು ವರ್ಷ ವಯಸ್ಸಾಗಿದ್ದರೆ ಆಶ್ಚರ್ಯವಿಲ್ಲ, ಅದರ ಮೇಲಿರುವ ತಂತಿಗಳಿಗೂ ಅಷ್ಟೇ ವಯಸ್ಸಾಗಿರುವ ಸಾಧ್ಯತೆ ಇದೆ. ಉಪ್ಪುನೀರಿನಲ್ಲಿ ಓಡುವ ದೋಣಿಯ ಸ್ಟೇನ್‌ಲೆಸ್ ತಂತಿಗಳನ್ನು ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಬದಲಿಸುವುದು ಸಾಮಾನ್ಯ ರೂಢಿ. ಹಿಂದಿನ ಮಾಲೀಕರಿಂದ ಬಂದ ರಸೀದಿಗಳಲ್ಲಿ ತಂತಿ ಬದಲಿಸಿದ ದಾಖಲೆ ಇಲ್ಲದಿದ್ದರೆ, ಬದಲಿಸಿಲ್ಲವೆಂದೇ ತಿಳಿದು ಮುಂದುವರಿಯುವುದು ಕ್ಷೇಮ.

ಈಗ ತುದಿಗಳ ವಿಷಯ. ತಂತಿಯ ಕೊನೆಯನ್ನು ಲೋಹದ ಕೊಳವೆಯೊಳಗೆ ತೂರಿಸಿ, ಯಂತ್ರದಲ್ಲಿ ಅದುಮಿ ಕೂಡಿಸಿದ ಭಾಗಕ್ಕೆ ಸ್ವೇಜ್ ಎನ್ನುತ್ತಾರೆ. ಕೆಳತುದಿಯ ಸ್ವೇಜ್‌ನ ಬಾಯಿ ಬಟ್ಟಲಿನಂತೆ ಮೇಲ್ಮುಖವಾಗಿರುವುದರಿಂದ ತಂತಿಯ ಮೇಲೆ ಇಳಿದುಬರುವ ಉಪ್ಪುನೀರು ನೇರವಾಗಿ ಅದರೊಳಗೆ ಸೇರಿ ಅಲ್ಲೇ ನಿಲ್ಲುತ್ತದೆ. ಸ್ಟೇನ್‌ಲೆಸ್ ಉಕ್ಕನ್ನು ತುಕ್ಕಿನಿಂದ ಕಾಯುವುದು ಅದರ ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪದರ, ಆ ಪದರ ಉಳಿಯುವುದಕ್ಕೆ ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯೊಳಗೆ ಆಮ್ಲಜನಕ ಮುಗಿದು, ಉಪ್ಪಿನ ಕ್ಲೋರೈಡ್ ಮಾತ್ರ ಉಳಿದಾಗ ಪದರ ಹರಿದು ಲೋಹ ಒಳಗಿನಿಂದಲೇ ಸವೆಯುತ್ತದೆ. ಹೊರಗೆ ತಂತಿ ಫಳಫಳ ಹೊಳೆಯುತ್ತಿದ್ದರೂ ಒಳಗೆ ಅರ್ಧ ಎಳೆಗಳು ಹೋಗಿರಬಹುದು. ಆದ್ದರಿಂದಲೇ ಕೆಳತುದಿಗಳು ಮೇಲಿನವುಗಳಿಗಿಂತ ಬೇಗ ಕೆಡುತ್ತವೆ.

ಪರೀಕ್ಷೆಗೆ ಬೇಕಾಗುವುದು ಹತ್ತಿ, ಭೂತಗನ್ನಡಿ ಮತ್ತು ಒಳ್ಳೆಯ ಬೆಳಕು. ಮೊದಲು ಸಿಹಿನೀರಿನಿಂದ ತೊಳೆದು, ಒಣಗಿದ ಮೇಲೆ ಹತ್ತಿಯ ಉಂಡೆಯನ್ನು ತಂತಿಯ ಸುತ್ತ ಸಡಿಲವಾಗಿ ಹಿಡಿದು ಸ್ವೇಜ್‌ವರೆಗೆ ಎಳೆಯಿರಿ. ಮುರಿದ ಎಳೆ ಇದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಿಂದ ಸವರಬೇಡಿ, ಆ ಮೊನೆ ಬೆರಳನ್ನು ಸೀಳುತ್ತದೆ. ಬಳಿಕ ಸ್ವೇಜ್‌ನ ಕೊಳವೆಯನ್ನು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿ: ಉದ್ದಕ್ಕೆ ಕೂದಲೆಳೆಯಷ್ಟು ತೆಳುವಾದ ಸೀಳು ಕಂಡರೆ ಆ ತಂತಿಯ ಆಯುಷ್ಯ ಮುಗಿಯಿತು. ತಂತಿಯ ಉದ್ದಕ್ಕೂ ಹರಡಿರುವ ತಿಳಿ ಕಂದು ಕಲೆ ಅಷ್ಟು ಗಂಭೀರವಲ್ಲ, ಅದು ಉಜ್ಜಿದರೆ ಹೋಗುತ್ತದೆ. ಆದರೆ ಒಂದೇ ಬಿಂದುವಿನಿಂದ, ಅದರಲ್ಲೂ ಸ್ವೇಜ್‌ನ ಬಾಯಿಯಿಂದ, ಒರೆಸಿದ ಮೇಲೂ ಮತ್ತೆ ಮತ್ತೆ ಜಿನುಗುವ ಕೆಂಪು ತುಕ್ಕನ್ನು ಎಂದಿಗೂ ಹಗುರವಾಗಿ ಪರಿಗಣಿಸಬಾರದು. ತಂತಿಯನ್ನು ಹೆಣೆದ ಹತ್ತೊಂಬತ್ತು ಎಳೆಗಳಲ್ಲಿ ಮುರಿದದ್ದು ಒಂದೇ ತಾನೇ ಎಂದು ಸಮಾಧಾನ ಹೇಳುವವರು ಸಿಗುತ್ತಾರೆ, ಅವರ ಮಾತು ಕೇಳಬೇಡಿ. ಒಂದನ್ನು ಮುರಿದ ಕಾರಣವೇ ಉಳಿದವುಗಳ ಮೇಲೂ ಕೆಲಸ ಮಾಡುತ್ತಿರುತ್ತದೆ. ಒಂದು ತಂತಿ ಕೆಟ್ಟಿದ್ದರೆ ಅದೇ ವಯಸ್ಸಿನ ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಲೆಕ್ಕ.

ಮೇಲ್ತುದಿಗಳನ್ನು ನೋಡಲು ಮಾಸ್ಟ್ ಹತ್ತಬೇಡಿ. ಸುಮಾರು ಒಂದು ಟನ್ ತೂಕದ ದೋಣಿಯ ಮಾಸ್ಟ್‌ನ ತುದಿಯಲ್ಲಿ ಒಬ್ಬ ಮನುಷ್ಯನ ಭಾರವಿದ್ದರೆ ದೋಣಿಯ ಸಮತೋಲ ಕೆಡುತ್ತದೆ. ಪರೀಕ್ಷಿಸಲು ಹೊರಟ ಆ ತಂತಿಗಳನ್ನೇ ನಂಬಿ ಹತ್ತುವುದು ಬೇರೆ. ಈ ದೋಣಿಯ ಮಾಸ್ಟ್ ಡೆಕ್ಕಿನ ಮೇಲೆ ನಿಂತಿರುವುದರಿಂದ ಮೂರು ಜನ ಸೇರಿದರೆ ಅದನ್ನು ಇಳಿಸಬಹುದು. ಇಳಿಸಿದಾಗ ಸ್ಪ್ರೆಡರ್‌ಗಳ (ತಂತಿಗಳನ್ನು ಮಾಸ್ಟ್‌ನಿಂದ ದೂರ ಹಿಡಿಯುವ ಅಡ್ಡತೋಳುಗಳ) ಬುಡ, ಮಾಸ್ಟ್‌ಗೆ ತಂತಿ ಸೇರುವ ಕಡೆಯ ತೂತುಗಳು ಕೋಳಿಮೊಟ್ಟೆಯಾಕಾರಕ್ಕೆ ಹಿಗ್ಗಿವೆಯೇ ಎಂಬುದು, ಅಲ್ಯೂಮಿನಿಯಂನಲ್ಲಿ ಸ್ಟೇನ್‌ಲೆಸ್ ತಿರುಪು ಕೂತಲ್ಲಿ ಏಳುವ ಬಿಳಿ ಪುಡಿ, ಇವನ್ನೆಲ್ಲ ಒಂದೇ ಸಲಕ್ಕೆ ನೋಡಿಕೊಳ್ಳಿ. ತಂತಿಗಳ ಕೆಳತುದಿಯನ್ನು ದೋಣಿಗೆ ಕೂಡಿಸುವ ಲೋಹದ ಪಟ್ಟಿಗಳಾದ ಚೈನ್‌ಪ್ಲೇಟ್‌ಗಳು ಡೆಕ್ಕನ್ನು ತೂರಿ ಹೋಗುವ ಜಾಗದಲ್ಲಿ ಕ್ಯಾಬಿನ್ನಿನೊಳಗೆ ನೀರು ಜಿನುಗಿದ ಗುರುತಿದ್ದರೆ, ಬೋಲ್ಟುಗಳನ್ನು ಬಿಚ್ಚಿ, ಮರೆಯಲ್ಲಿರುವ ಭಾಗವನ್ನು ಪರೀಕ್ಷಿಸಿ ಮತ್ತೆ ಸೀಲ್ ಮಾಡಬೇಕು.

ಸಡಿಲಿಕೆಗೆ ತಂತಿಯೇ ಕಾರಣವೆಂದು ತೀರ್ಮಾನಿಸುವ ಮೊದಲು ಇನ್ನೊಂದನ್ನು ಗಮನಿಸಿ. ಬಿಗಿ ಮಾಡಿದ ಕೆಲವೇ ದಿನಗಳಲ್ಲಿ ತಂತಿ ಮತ್ತೆ ಸಡಿಲವಾದರೆ ಮಾಸ್ಟ್‌ನ ಬುಡದ ಕೆಳಗಿನ ಡೆಕ್ ಕುಸಿಯುತ್ತಿರಬಹುದು. ಫೈಬರ್‌ಗ್ಲಾಸ್ ಪದರಗಳ ನಡುವಿನ ಮರ ನೀರು ಕುಡಿದು ಕೊಳೆತಿದ್ದರೆ, ನೀವು ಹಾಕುವ ಪ್ರತಿ ಸುತ್ತೂ ಮಾಸ್ಟನ್ನು ಇನ್ನಷ್ಟು ಕೆಳಗೆ ಒತ್ತುತ್ತದೆ. ಮಾಸ್ಟ್‌ನ ಬುಡದ ಸುತ್ತ ಡೆಕ್ಕನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ: ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತ ಜಾಗ ಮಂಕಾಗಿ ಕೇಳುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಬಿಗಿಯ ಕೆಲಸ ಕಷ್ಟವೇನಲ್ಲ. ಗಾಳಿಯಿಲ್ಲದ ಬೆಳಗ್ಗೆ, ದೋಣಿ ನೀರಿನಲ್ಲಿ ಮಟ್ಟಸವಾಗಿ ತೇಲುತ್ತಿರುವಾಗ ಮಾಡಿ. ಟ್ರೇಲರ್ ಮೇಲೆ ಮಾಡಿದ ಹೊಂದಾಣಿಕೆಯನ್ನು ಕೊನೆಯದೆಂದು ನಂಬಬೇಡಿ. ಎಲ್ಲ ತಂತಿಗಳನ್ನೂ ಬರಿಗೈಯಲ್ಲಿ ತಿರುಗಿಸಲಾಗುವಷ್ಟು ಬಿಗಿಗೆ ತಂದು, ಮುಖ್ಯ ಹಾಯಿಯನ್ನು ಏರಿಸುವ ಹಗ್ಗವಾದ ಹ್ಯಾಲಿಯರ್ಡ್‌ಗೆ ಉಕ್ಕಿನ ಅಳತೆ ಟೇಪನ್ನು ಕಟ್ಟಿ ಮೇಲೆತ್ತಿ, ಎರಡೂ ಬದಿಯ ಚೈನ್‌ಪ್ಲೇಟ್‌ಗಳಿಗೆ ಅಳತೆ ಸಮವಾಗುವವರೆಗೆ ಮಾಸ್ಟ್‌ನ ತುದಿಯನ್ನು ನಡುವಿಗೆ ತನ್ನಿ. ಬಳಿಕ ಮೇಲಿನ ಶ್ರೌಡ್‌ಗಳನ್ನು (ಮಾಸ್ಟ್‌ನ ತುದಿಗೆ ಹೋಗುವವು) ಈ ಬದಿ ಅರ್ಧ ಸುತ್ತು, ಆ ಬದಿ ಅರ್ಧ ಸುತ್ತು ಎಂಬಂತೆ ಬಿಗಿಗೊಳಿಸಿ. ಟರ್ನ್‌ಬಕಲ್ ತಿರುಗಿಸುವಾಗ ತಂತಿಯೂ ಜೊತೆಗೆ ತಿರುಚಿಕೊಳ್ಳದಂತೆ ಅದರ ತುದಿಯನ್ನು ಎರಡನೆಯ ಸ್ಪ್ಯಾನರ್‌ನಲ್ಲಿ ಹಿಡಿದಿರಬೇಕು. ತಿರುಪಿನ ಎಳೆಗಳಿಗೆ ಮೊದಲೇ ಲ್ಯಾನೊಲಿನ್ ಸವರಿರಿ, ಒಣ ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ತಿರುಗಿದರೆ ಕಚ್ಚಿಕೊಂಡು ಮತ್ತೆ ಬಿಡಿಸಲಾಗುವುದಿಲ್ಲ.

ಎಷ್ಟು ಬಿಗಿ ಎಂಬ ನಿಮ್ಮ ಪ್ರಶ್ನೆಗೆ ಮಾಪಕವಿಲ್ಲದೆಯೂ ಉತ್ತರ ಸಿಗುತ್ತದೆ. ತಂತಿ ಸಡಿಲವಿರುವಾಗಲೇ ಎರಡು ಮೀಟರ್ ಉದ್ದದ ಅಳತೆಪಟ್ಟಿಯ ಮೇಲ್ತುದಿಯನ್ನು ತಂತಿಗೆ ಟೇಪಿನಿಂದ ಬಿಗಿದು, ಕೆಳತುದಿ ಸ್ವೇಜ್‌ನ ಅಂಚಿಗೆ ಸರಿಯಾಗಿ ತಾಗುವಂತೆ ಮಾಡಿ. ಬಿಗಿಗೊಳಿಸುತ್ತ ಹೋದಂತೆ ತಂತಿ ಹಿಗ್ಗಿ ಪಟ್ಟಿಯ ತುದಿ ಸ್ವೇಜ್‌ನಿಂದ ದೂರವಾಗುತ್ತದೆ. ಹತ್ತೊಂಬತ್ತು ಎಳೆಗಳ ತಂತಿಯಲ್ಲಿ ಹೀಗೆ ಒಂದು ಮಿಲಿಮೀಟರ್ ಅಂತರ ಬಂದರೆ ತಂತಿಯ ಮುರಿತದ ಬಲದ ಶೇಕಡಾ 5ರಷ್ಟು ಎಳೆತ ಬಿದ್ದಿದೆ ಎಂದರ್ಥ. ಮೇಲಿನ ಶ್ರೌಡ್‌ಗಳಿಗೆ ಶೇಕಡಾ 10ರಿಂದ 15, ಅಂದರೆ ಎರಡರಿಂದ ಮೂರು ಮಿಲಿಮೀಟರ್, ಈ ಗಾತ್ರದ ದೋಣಿಗೆ ಸಾಕು. 3.2 ಮಿಲಿಮೀಟರ್ (ಎಂಟನೇ ಒಂದು ಇಂಚು) ದಪ್ಪದ ತಂತಿ ಮುರಿಯುವುದು ಸುಮಾರು 950 ಕಿಲೋ ಎಳೆತಕ್ಕೆ, ಹಾಗಾಗಿ ನೀವು ಹಾಕುತ್ತಿರುವುದು ಹೆಚ್ಚೆಂದರೆ 140 ಕಿಲೋ. ಕೆಳಗಿನ ಶ್ರೌಡ್‌ಗಳು (ಮಾಸ್ಟ್‌ನ ನಡುಭಾಗಕ್ಕೆ ಹೋಗುವವು) ಇದಕ್ಕಿಂತ ಸಡಿಲವಿರಲಿ, ಅವುಗಳಲ್ಲಿ ಮುಂದಿನ ಜೋಡಿ ಹಿಂದಿನದಕ್ಕಿಂತ ತುಸು ಬಿಗಿಯಾಗಿರಲಿ.

ನಂತರ ಹನ್ನೆರಡು–ಹದಿನೈದು ನಾಟ್ (ಗಂಟೆಗೆ ಸುಮಾರು 22–28 ಕಿ.ಮೀ.) ಗಾಳಿಯಲ್ಲಿ, ಗಾಳಿಗೆ ಎದುರಾಗಿ ಸಾಗುತ್ತ, ಮಾಸ್ಟ್‌ನ ಹಿಂಬದಿಯಲ್ಲಿ ಹಾಯಿ ಜಾರುವ ತೋಡಿನುದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ. ತುದಿ ಗಾಳಿಮರೆಯ ಕಡೆಗೆ ಬಾಗಿದ್ದರೆ ಮೇಲಿನ ಶ್ರೌಡ್ ಇನ್ನೂ ಬಿಗಿಯಾಗಬೇಕು, ನಡುಭಾಗ ಆ ಕಡೆ ಬಾಗಿದ್ದರೆ ಕೆಳಗಿನವು ಬಿಗಿಯಾಗಬೇಕು. ಆ ಹೊತ್ತಿಗೆ ಸಡಿಲವಿರುವ ಬದಿಯ ಟರ್ನ್‌ಬಕಲ್ ಅನ್ನು ತಿರುಗಿಸಿ, ಸುತ್ತು ಎಣಿಸಿ, ದಿಕ್ಕು ಬದಲಿಸಿದ ಮೇಲೆ ಇನ್ನೊಂದು ಬದಿಗೂ ಅಷ್ಟೇ ಹಾಕಿ. ಗಾಳಿಮರೆಯ ತಂತಿ ಬೆರಳಿನಿಂದ ಒತ್ತಿದರೆ ಮೆತ್ತಗಿರುವುದು ಸಹಜ, ಕಣ್ಣಿಗೆ ಕಾಣುವಂತೆ ಓಲಾಡಬಾರದು. ಗೋಲ್ಡನ್ ಗೇಟ್‌ನಿಂದ ಬರ್ಕ್ಲಿಯತ್ತ ಬೇಸಿಗೆಯ ಮಧ್ಯಾಹ್ನಗಳಲ್ಲಿ ಬೀಸುವ ಇಪ್ಪತ್ತು–ಇಪ್ಪತ್ತೈದು ನಾಟ್ ಗಾಳಿಯಲ್ಲಿ ಅದು ಓಲಾಡಿದರೆ ಮೊದಲು ಹಾಯಿಯನ್ನು ರೀಫ್ ಮಾಡಿ, ಅಂದರೆ ಮಡಚಿ ಕಿರಿದುಗೊಳಿಸಿ, ನೋಡಿ. ಆ ಗಾಳಿಗೆ ಪೂರ್ತಿ ಹಾಯಿ ಹೊತ್ತ ದೋಣಿಯ ತೊಂದರೆಯನ್ನು ಟರ್ನ್‌ಬಕಲ್ ಪರಿಹರಿಸಲಾರದು.

ಹಗ್ಗಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹ್ಯಾಲಿಯರ್ಡ್ ಸವೆಯುವುದು ಪ್ರತಿ ಸಲವೂ ಒಂದೇ ಜಾಗದಲ್ಲಿ, ಹಾಯಿ ಪೂರ್ತಿ ಏರಿದಾಗ ಮೇಲಿನ ರಾಟೆಯ ಮೇಲೆ ಕೂರುವ ಕಡೆ. ಹೊರಕವಚ ಮಾತ್ರ ಜುಂಗು ಎದ್ದಿದ್ದರೆ ಹಾಯಿಗೆ ಸಿಕ್ಕಿಸುವ ಕೊಂಡಿಯಾದ ಷ್ಯಾಕಲ್‌ನ ಕಡೆಯಿಂದ ಅರ್ಧ ಮೀಟರ್ ಕತ್ತರಿಸಿ ಮತ್ತೆ ಕಟ್ಟಿದರೆ ಸವೆತದ ಜಾಗ ಸರಿಯುತ್ತದೆ, ಒಳತಿರುಳು ಕಂಡರೆ ಹೊಸದು ಕೊಳ್ಳಿ. ವರ್ಷಕ್ಕೊಮ್ಮೆ ಎಲ್ಲ ಹಗ್ಗಗಳನ್ನೂ ದಿಂಬಿನ ಗವಸಿನಲ್ಲಿ ಹಾಕಿ, ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪಿನಲ್ಲಿ ನೆನೆಸಿ ತೊಳೆದರೆ ನೂಲನ್ನು ಒಳಗಿನಿಂದ ಕೊಯ್ಯುವ ಉಪ್ಪಿನ ಹರಳುಗಳು ಹೋಗುತ್ತವೆ. ಬ್ಲೀಚ್ ಬೇಡ. ಹಾಯಿಯನ್ನು ಎಳೆದು ಹಿಡಿಯುವ ಹಗ್ಗಗಳಾದ ಶೀಟ್‌ಗಳಿಗೆ ದುಬಾರಿ ಡೈನೀಮಾ ನೂಲಿನ ಅಗತ್ಯವಿಲ್ಲ, ಅಂಗೈಗೆ ಹಿಡಿತ ಸಿಗುವ ಹತ್ತು ಮಿಲಿಮೀಟರ್ ಪಾಲಿಯೆಸ್ಟರ್ ಈ ದೋಣಿಗೆ ಎಲ್ಲಕ್ಕಿಂತ ಒಳ್ಳೆಯದು. ಹಗ್ಗ ಎಳೆಯುವ ಉರುಳೆಯಾದ ವಿಂಚ್ ಬಿಚ್ಚಿದಾಗ ಗಿಯರ್‌ಗಳಿಗೆ ಗ್ರೀಸ್ ಹಾಕಿ, ಆದರೆ ಅದು ಹಿಂದಕ್ಕೆ ತಿರುಗದಂತೆ ಕಚ್ಚಿ ಹಿಡಿಯುವ ಪಾಲ್ ಎಂಬ ಹಲ್ಲುಗಳಿಗೆ ತೆಳುವಾದ ಎಣ್ಣೆ ಮಾತ್ರ; ಗ್ರೀಸಿಗೆ ಅಂಟಿಕೊಂಡ ಪಾಲ್ ಕಚ್ಚದೆ ಹೋದರೆ ಹಿಡಿಕೆ ಹಿಂದಕ್ಕೆ ತಿರುಗಿ ಕೈ ಮುರಿಯಬಹುದು.

ಹೊಂದಾಣಿಕೆ ಮುಗಿದ ಕೂಡಲೇ ಪ್ರತಿ ಟರ್ನ್‌ಬಕಲ್‌ಗೂ ಅದು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಿ, ಕಾಲುಗಳನ್ನು ತುಸುವೇ ಅಗಲಿಸಿ, ಹಾಯಿ ಹರಿಯದಂತೆ ಒಂದು ಸುತ್ತು ಟೇಪ್ ಹಚ್ಚಿ. ಇಡೀ ಟರ್ನ್‌ಬಕಲ್ ಅನ್ನು ಸುತ್ತಿಬಿಟ್ಟರೆ ಒಳಗೆ ನೀರು ನಿಂತು ಮತ್ತದೇ ತುಕ್ಕು ಶುರುವಾಗುತ್ತದೆ. ಹೊಸ ತಂತಿಗಳು ಆರಂಭದಲ್ಲಿ ಕೊಂಚ ಹಿಗ್ಗುವುದರಿಂದ ಜೋರು ಗಾಳಿಯ ಮೊದಲ ಸವಾರಿಯ ನಂತರ ಇನ್ನೊಮ್ಮೆ ಅಳೆಯಿರಿ. ಮಾಸ್ಟನ್ನು ಇಳಿಸುವಾಗ, ಏರಿಸುವಾಗ, ಏರಿಸಿಕೊಂಡೇ ಟ್ರೇಲರ್ ಸರಿಸುವಾಗ ಒಬ್ಬರಿಗೆ ತಲೆಯ ಮೇಲಿನ ವಿದ್ಯುತ್ ತಂತಿಗಳನ್ನು ನೋಡುವುದೊಂದೇ ಕೆಲಸ ಕೊಡಿ, ಏಕೆಂದರೆ ಅಲ್ಯೂಮಿನಿಯಂ ಮಾಸ್ಟ್ ಅವುಗಳಿಗೆ ತಾಗಿದರೆ ಹಿಡಿದಿರುವವರು ಬದುಕಿ ಉಳಿಯುವುದು ಕಷ್ಟ.